ಕೊನೆಯ ಅಕ್ಷರ ಕೇಳಿಸಬೇಕು: ಸ್ಪೋಕನ್ ಇಂಗ್ಲಿಷಿಗೆ ಸೋನಿಯ ಎರಡು ಹೆಡ್‌ಫೋನ್, ಮಂಗಳೂರಿನ ಸೆಕೆ ಮತ್ತು ಮಳೆಯಲ್ಲಿ

ಹಂಪನಕಟ್ಟೆಯ ಮೊಬೈಲ್ ಅಂಗಡಿಗಳಲ್ಲಿ ಹೆಡ್‌ಫೋನ್ ಕೇಳಿದರೆ ಮೊದಲು ಸಿಗುವ ಉತ್ತರ “ಬಾಸ್ ಒಳ್ಳೆದುಂಟು” ಎಂದು. ಹಾಡಿಗಾದರೆ ಅಷ್ಟು ಸಾಕು. ಇಂಟರ್‌ವ್ಯೂಗೆ ಕೂರುವವರಿಗೆ, ಹೊರದೇಶದ ಕಸ್ಟಮರ್ ಜೊತೆ ದಿನವಿಡೀ ಮಾತಾಡುವವರಿಗೆ, ದಿನಾ ಅರ್ಧ ಗಂಟೆ ಇಂಗ್ಲಿಷ್ ಕೇಳಿ, ಹೇಳಿ ರೂಢಿ ಮಾಡುವವರಿಗೆ ಬಾಸಿನಿಂದ, ಅಂದರೆ ತಗ್ಗಿನ ಗುಂಯ್ ಸದ್ದಿನಿಂದ, ಏನೂ ಆಗಬೇಕಾದ್ದಿಲ್ಲ. ಅವರಿಗೆ ಬೇಕಾದ್ದು ಪದದ ಕೊನೆಯ ಅಕ್ಷರ. ಆ ಒಂದು ಅಳತೆಗೋಲು ಹಿಡಿದು ಸೋನಿಯ ಎರಡು ಹೆಡ್‌ಫೋನ್‌ಗಳನ್ನು ನೋಡೋಣ: ವಯರಿನ ಎಂಡಿಆರ್-ಝಡ್‌ಎಕ್ಸ್110ಎಪಿ, ಬ್ಲೂಟೂತಿನ ಡಬ್ಲ್ಯುಎಚ್-ಸಿಎಚ್520. ಬೆಲೆಯಲ್ಲಿ ಮೂರು-ನಾಲ್ಕು ಪಟ್ಟು ವ್ಯತ್ಯಾಸ ಉಂಟು. ಆದರೂ ಇಂಗ್ಲಿಷ್ ಕಲಿಯಲು ಮತ್ತು ಇಂಗ್ಲಿಷಿನಲ್ಲಿ ಮಾತಾಡಲು ಅಗ್ಗದ ವಯರಿನದ್ದೇ ಮೇಲು. ಕಾರಣ ಗೊತ್ತಾದರೆ, ಬ್ಲೂಟೂತ್ ಈಗಾಗಲೇ ಕೈಯಲ್ಲಿರುವವರೂ ಅದರಿಂದ ಸರಿಯಾಗಿ ಕೆಲಸ ತೆಗೆಯಬಹುದು.

ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ. ಮನೆ, ಮರ, ಊಟ, ಹಾಲು. ಹೊರಗಿನ ಪದ ಬಂದರೂ ಬಾಲಕ್ಕೆ ಒಂದು ‘ಉ’ ಕಟ್ಟಿ ಒಳಗೆ ಕರೆದುಕೊಳ್ಳುತ್ತೇವೆ: ಬಸ್ಸು, ಕಾರು, ಬ್ಯಾಂಕು. ತುಳುವಿನಲ್ಲಿ ಆ ಬಾಲ ಇನ್ನೂ ಗಿಡ್ಡ, ತುಟಿ ಉರುಟು ಮಾಡದೆ ಹೇಳುವ ಅರ್ಧ ‘ಉ’. ಹೀಗೆ ಬೆಳೆದ ಕಿವಿ ಪದದ ತುದಿಯಲ್ಲಿ ಸ್ವರವನ್ನು ಹುಡುಕುತ್ತದೆ, ವ್ಯಂಜನವನ್ನಲ್ಲ. ಇಂಗ್ಲಿಷಿನಲ್ಲಿ ವ್ಯಾಕರಣವೇ ಆ ತುದಿಯ ವ್ಯಂಜನದಲ್ಲಿ ಕೂತಿರುತ್ತದೆ. ‘ವಾಕ್’ ಇವತ್ತಿನದು, ‘ವಾಕ್ಟ್’ ನಿನ್ನೆಯದು. ಬರೆಯುವಾಗ ಕೊನೆಗೆ ‘ಡಿ’ ಇದ್ದರೂ ಬಾಯಲ್ಲಿ ಬರುವುದು ‘ಟ್’. ‘ಪ್ರೈಸ್’ ಎಂದರೆ ಬೆಲೆ, ‘ಪ್ರೈಝ್’ ಎಂದರೆ ಬಹುಮಾನ. ಅಮೆರಿಕದವರು ‘ಕ್ಯಾನ್’ ಎಂದರೋ ‘ಕ್ಯಾಂಟ್’ ಎಂದರೋ ಎಂಬುದು ನಿಂತಿರುವುದು ಹೆಚ್ಚು ಕಡಿಮೆ ಒಂದು ‘ಟ್’ ಮೇಲೆ, ಅದನ್ನೂ ಅವರು ಬಾಯೊಳಗೇ ನುಂಗುತ್ತಾರೆ. ಆಗುತ್ತದೆ, ಆಗುವುದಿಲ್ಲ ಎಂಬ ಎರಡು ಉತ್ತರಗಳ ನಡುವೆ ಇರುವ ಅಂತರ ಅಷ್ಟೆ.

ಈ ಸ್, ಫ್, ಟ್, ಥ್‌ಗಳನ್ನು ಹೇಳುವಾಗ ಗಂಟಲು ಅದುರುವುದಿಲ್ಲ, ಗಾಳಿ ಉಜ್ಜುವ ಅಥವಾ ಸಿಡಿಯುವ ಸದ್ದು ಮಾತ್ರ. ‘ಸ್’ನ ಬಲವೆಲ್ಲ ಹೆಚ್ಚಾಗಿ 4000 ಹರ್ಟ್ಸ್‌ಗಿಂತ ಮೇಲೆ ಇರುತ್ತದೆ. ಹರ್ಟ್ಸ್ ಎಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬ ಲೆಕ್ಕ, ಅದು ಹೆಚ್ಚಾದಷ್ಟು ಸದ್ದು ಕೀರಲು. ಹಳೆಯ ಟೆಲಿಫೋನ್ ಲೈನು ಸಾಗಿಸುತ್ತಿದ್ದುದು 300ರಿಂದ 3400 ಹರ್ಟ್ಸ್‌ವರೆಗೆ ಮಾತ್ರ. ಹಾಗಾಗಿಯೇ ಫೋನಿನಲ್ಲಿ ‘ಎಸ್’ ಮತ್ತು ‘ಎಫ್’ ಒಂದೇ ರೀತಿ ಕೇಳುತ್ತಿದ್ದವು. ಈಗಿನ ವೋಲ್ಟೆ (4ಜಿ ಮೂಲಕ ಹೋಗುವ) ಕಾಲ್‌ನಲ್ಲಿ ಎಚ್‌ಡಿ ವಾಯ್ಸ್ ಎಂದು ಹೆಸರಾದ ಕೋಡೆಕ್ (ಸದ್ದನ್ನು ಕುಗ್ಗಿಸಿ ಕಳಿಸುವ ವಿಧಾನ) ಸುಮಾರು 7000 ಹರ್ಟ್ಸ್‌ವರೆಗೆ ತಲುಪಿಸುತ್ತದೆ, ಝೂಮ್ ಅಥವಾ ಗೂಗಲ್ ಮೀಟ್ ಅದಕ್ಕಿಂತಲೂ ಮೇಲಕ್ಕೆ ಹೋಗಬಲ್ಲವು. ಅಂದರೆ ಕೊನೆಯ ಅಕ್ಷರ ನಮ್ಮ ಫೋನಿನ ತನಕ ಬಂದು ಮುಟ್ಟುತ್ತದೆ. ಫೋನಿನಿಂದ ಕಿವಿಗೆ ಬರುವ ಕೊನೆಯ ಎರಡಡಿಯಲ್ಲಿ ಅದನ್ನು ಕಳೆದುಕೊಳ್ಳುತ್ತೇವೆ.

ವಯರಿನದ್ದು

ಝಡ್‌ಎಕ್ಸ್110ಎಪಿ ನೋಡಲು ಸಾಧಾರಣ. ಕಿವಿಯ ಮೇಲೆ ಕೂರುವ, ಹಿಂಬದಿ ಮುಚ್ಚಿದ ಬಟ್ಟಲು, ಒಳಗೆ 30 ಮಿಲಿಮೀಟರಿನ ಡ್ರೈವರ್ (ಸದ್ದು ಹೊರಡಿಸುವ ಪುಟ್ಟ ಸ್ಪೀಕರ್), 24 ಓಮ್ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ), 1.2 ಮೀಟರ್ ವಯರು, ತುದಿಯಲ್ಲಿ ‘ಎಲ್’ ಆಕಾರದ 3.5 ಮಿಲಿಮೀಟರಿನ ಪ್ಲಗ್. ವಯರು ಬಿಟ್ಟರೆ ತೂಕ 120 ಗ್ರಾಮ್ ಆಸುಪಾಸು. 24 ಓಮ್ ಎಂದರೆ ಯಾವ ಸಣ್ಣ ಫೋನೂ ಸುಲಭವಾಗಿ ಓಡಿಸಬಲ್ಲದು. ಬಾಸ್ ಸ್ವಲ್ಪ ಎತ್ತಿದ ಹಾಗೆ ಕೇಳುತ್ತದೆ, ಆದರೆ ಮೇಲಿನ ಸದ್ದನ್ನು ಅದು ಮುಚ್ಚುವುದಿಲ್ಲ. ‘ಆಸ್ಕ್’, ‘ಆಸ್ಕ್ಸ್’, ‘ಆಸ್ಕ್ಟ್’ ಮೂರೂ ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತವೆ. ಬೀಳದೇ ಇದ್ದರೆ ಫೋನಿನಲ್ಲಿ ತಗ್ಗಿನ, ಮೇಲಿನ ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಝರ್ ತೆರೆದು 100 ಹರ್ಟ್ಸ್ ಸುತ್ತ 3-4 ಡೆಸಿಬೆಲ್ ಇಳಿಸಿ. ಟ್ರೆಬಲ್, ಅಂದರೆ ಮೇಲಿನ ಸದ್ದು, ಏರಿಸುವುದಕ್ಕಿಂತ ಬಾಸ್ ಇಳಿಸುವುದು ಮಾತಿಗೆ ಒಳ್ಳೆಯದು, ಕಿವಿ ಬೇಗ ದಣಿಯುವುದಿಲ್ಲ.

ಮೈಕ್ ವಯರಿನಲ್ಲೇ ಉಂಟು, ಜೊತೆಗೆ ಒಂದೇ ಒಂದು ಬಟನ್. ವಾಲ್ಯೂಮ್ ಏರಿಸಲು, ಇಳಿಸಲು ಫೋನಿಗೇ ಕೈ ಹಾಕಬೇಕು. ಮೈಕಿನ ಗುಣ ಸಾಮಾನ್ಯ, ಆದರೆ ಬಾಯಿಗೆ ಹತ್ತಿರ ಇರುವುದರಿಂದ ಗೆಲ್ಲುತ್ತದೆ. ಇದರಲ್ಲಿ ಆಗುವ ತೊಂದರೆಯೆಲ್ಲ ಅದು ಇರುವ ಜಾಗದಿಂದ. ಅಂಗಿಯ ಕಾಲರ್, ದುಪಟ್ಟಾ, ಕರಿಮಣಿ ಸರ, ಐಡಿ ಕಾರ್ಡಿನ ದಾರ, ಯಾವುದಕ್ಕೆ ಉಜ್ಜಿದರೂ ಆಚೆ ಕಡೆಯವರಿಗೆ ಗರಗರ ಎಂದು ಕೇಳುತ್ತದೆ, ಈಚೆಯವರಿಗೆ ಗೊತ್ತೇ ಆಗುವುದಿಲ್ಲ. ಬಟ್ಟೆಗೆ ಸಿಕ್ಕಿಸುವ ಸಣ್ಣ ಕ್ಲಿಪ್ ಹಾಕಿ, ಮೈಕು ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಬದಿಗೆ ನಿಲ್ಲುವಂತೆ ಮಾಡಿ. ಬಹಳ ಜನ ಮೈಕನ್ನು ಕೈಯಲ್ಲಿ ಹಿಡಿದು ತುಟಿಗೆ ತಾಗಿಸಿ ಮಾತಾಡುತ್ತಾರೆ. ಆಗ ‘ಪ’, ‘ಬ’ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ಡಬ್ ಎನ್ನುತ್ತದೆ, ಹಿಂದೆ ಬರುವ ಪದವೂ ಮುಳುಗುತ್ತದೆ.

ಪ್ಲಗ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ “ಮೈಕ್ ಕೆಲಸ ಮಾಡುವುದಿಲ್ಲ” ಎಂದು ಅಂಗಡಿಗೆ ವಾಪಸ್ ಬರುವ ಹೆಡ್‌ಫೋನ್‌ಗಳಲ್ಲಿ ಎಷ್ಟೋ ಸರಿಯಾಗಿಯೇ ಇರುತ್ತವೆ. ಪ್ಲಗ್ ಮೇಲೆ ಮೂರು ಕಪ್ಪು ಗೆರೆ ಇದ್ದರೆ ನಾಲ್ಕು ಭಾಗ: ತುದಿ ಎಡ ಕಿವಿಗೆ, ನಂತರದ ಉಂಗುರ ಬಲ ಕಿವಿಗೆ, ಮೂರನೆಯದು ಗ್ರೌಂಡ್, ಬುಡದ್ದು ಮೈಕ್. ಹಳೆಯ ಕೆಲವು ಸಾಧನಗಳಲ್ಲಿ ಮೂರನೆಯದೂ ನಾಲ್ಕನೆಯದೂ ಅದಲುಬದಲು. ಅಲ್ಲಿಗೆ ಹಾಕಿದರೆ ಹಾಡು ಗುಹೆಯೊಳಗಿಂದ ಬಂದ ಹಾಗೆ ಕೇಳುತ್ತದೆ, ಮೈಕ್ ಸತ್ತಂತಿರುತ್ತದೆ. ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಹಸಿರು ಮತ್ತು ಗುಲಾಬಿ ಎಂದು ಎರಡು ತೂತು ಇದ್ದರೆ ‘ವೈ’ ಆಕಾರದ ಸ್ಪ್ಲಿಟರ್ ಬೇಕು. ನಾಲ್ಕು ಭಾಗದ ಹೆಣ್ಣು (ತೂತಿರುವ) ಕನೆಕ್ಟರ್ ಒಂದು ಕಡೆ, ಮೂರು ಭಾಗದ ಎರಡು ಪ್ಲಗ್ ಇನ್ನೊಂದು ಕಡೆ. ಒಂದು ಹಾಡನ್ನು ಇಬ್ಬರು ಕೇಳಲೆಂದು ಮಾಡಿದ ಸ್ಪ್ಲಿಟರ್ ಇದಕ್ಕೆ ಆಗುವುದಿಲ್ಲ, ನೋಡಲು ಎರಡೂ ಒಂದೇ ರೀತಿ.

ಹೊಸ ಫೋನುಗಳಲ್ಲಿ 3.5 ಮಿಲಿಮೀಟರ್ ತೂತೇ ಇಲ್ಲದಿದ್ದರೆ ಯುಎಸ್‌ಬಿ-ಸಿ ಅಡಾಪ್ಟರ್ ಕೊಳ್ಳಬೇಕು. ಇದರಲ್ಲಿ ಎರಡು ಜಾತಿ. ಒಂದರೊಳಗೆ ಡ್ಯಾಕ್ ಎಂಬ ಪುಟ್ಟ ಚಿಪ್ ಇರುತ್ತದೆ, ಡಿಜಿಟಲ್ ಸಿಗ್ನಲನ್ನು ಅದೇ ಸದ್ದಿಗೆ ತಿರುಗಿಸುತ್ತದೆ. ಇನ್ನೊಂದರೊಳಗೆ ಬರೀ ತಂತಿ, ಆ ಕೆಲಸವನ್ನು ಫೋನೇ ಮಾಡಿ ಕೊಡಬೇಕು. ಕೊಡದ ಫೋನಿಗೆ ಹಾಕಿದರೆ ಏನೂ ಆಗುವುದಿಲ್ಲ. “ಡ್ಯಾಕ್ ಇರುವುದು ಕೊಡಿ” ಎಂದು ಬಾಯಿಬಿಟ್ಟು ಕೇಳಿ. ಹಾಗೆ ಕೇಳಿ ತಂದದ್ದರಲ್ಲೂ ಕೆಲವಕ್ಕೆ ಮೈಕ್ ದಾರಿ ಇರುವುದಿಲ್ಲ. ಅಂಗಡಿಯಲ್ಲೇ ವಾಯ್ಸ್ ರೆಕಾರ್ಡರ್ ತೆರೆದು, ವಯರಿನ ಮೈಕಿನ ಮೇಲೆ ಉಗುರಿನಿಂದ ಮೆಲ್ಲ ತಟ್ಟಿ. ರೆಕಾರ್ಡಿಂಗಿನಲ್ಲಿ ಟಕ್ ಟಕ್ ಜೋರಾಗಿ ಕೇಳಿದರೆ ಮೈಕ್ ದಾರಿ ಉಂಟು. ದೂರದಿಂದ ಕೇಳಿದ ಹಾಗಿದ್ದರೆ ಫೋನಿನ ಮೈಕೇ ಓಡುತ್ತಿದೆ.

ಬ್ಲೂಟೂತಿನದ್ದು

ಡಬ್ಲ್ಯುಎಚ್-ಸಿಎಚ್520 ಮಾರುಕಟ್ಟೆಗೆ ಬಂದದ್ದು 2023ರಲ್ಲಿ. ಇದೂ ಕಿವಿಯ ಮೇಲೆ ಕೂರುವಂಥದ್ದೇ, ಡ್ರೈವರ್ ಇದರದ್ದೂ 30 ಮಿಲಿಮೀಟರ್, ತೂಕ 147 ಗ್ರಾಮ್. ಬ್ಲೂಟೂತ್ 5.2. ಕಂಪನಿ ಹೇಳುವ ಪ್ರಕಾರ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ 50 ಗಂಟೆವರೆಗೆ ಹಾಡು, 3 ನಿಮಿಷ ಚಾರ್ಜಿಗೆ ಒಂದೂವರೆ ಗಂಟೆ. ಕಾಲ್‌ನಲ್ಲಿ ಮೈಕೂ ಓಡುವುದರಿಂದ ಅವಧಿ ಕಡಿಮೆ ಎಂದುಕೊಳ್ಳಿ, ಆದರೂ ವಾರಕ್ಕೆ ಒಂದೆರಡು ಸಲ ಚಾರ್ಜಿಗಿಟ್ಟರೆ ನಡೆಯುತ್ತದೆ. ಫೋನು ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಏಕಕಾಲಕ್ಕೆ ಜೋಡಿಸಿಡಬಹುದು. ಹೊರಗಿನ ಗದ್ದಲ ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಇಲ್ಲ. ವಯರು ಚುಚ್ಚುವ ತೂತೂ ಇಲ್ಲ, ಇದನ್ನು ಗಮನಿಸಿ: ಬ್ಯಾಟರಿ ಮುಗಿದರೆ ಹೆಡ್‌ಫೋನೂ ಮುಗಿಯಿತು. ಇದರ ಅಕ್ಕ ಡಬ್ಲ್ಯುಎಚ್-ಸಿಎಚ್720ಎನ್‌ನಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಮತ್ತು ವಯರಿನ ತೂತು ಎರಡೂ ಉಂಟು, ತೂಕ 192 ಗ್ರಾಮ್, ಬೆಲೆಯೂ ಹಾಗೆಯೇ ಮೇಲೆ.

ಬರೀ ಕೇಳುವುದಕ್ಕೆ ಸಿಎಚ್520 ನಿಜಕ್ಕೂ ಒಳ್ಳೆಯ ಹೆಡ್‌ಫೋನು. ಇಂಗ್ಲಿಷ್ ನ್ಯೂಸ್, ಪಾಡ್‌ಕಾಸ್ಟ್, ಕ್ಲಾಸಿನ ವೀಡಿಯೊ ಎಲ್ಲ ಸ್ಪಷ್ಟ. ಸೋನಿಯ ಆ್ಯಪ್‌ನಲ್ಲಿ ಈಕ್ವಲೈಝರ್ ಕೂಡ ಸಿಗುತ್ತದೆ. ತೊಂದರೆ ಶುರುವಾಗುವುದು ನೀವು ಬಾಯಿ ತೆರೆಯಬೇಕಾದಾಗ. ಬ್ಲೂಟೂತಿನಲ್ಲಿ ಹಾಡಿಗೊಂದು ದಾರಿ, ಮಾತಿಗೊಂದು ದಾರಿ. ಹಾಡಿನದ್ದು ಅಗಲ, ಆದರೆ ಏಕಮುಖ. ಮೈಕ್ ಬೇಕೆಂದ ಕ್ಷಣ ಹೆಡ್‌ಫೋನು ಹ್ಯಾಂಡ್ಸ್‌ಫ್ರೀ ಎಂಬ ಇನ್ನೊಂದು ದಾರಿಗೆ ಹಾರುತ್ತದೆ. ಅದು ಇಕ್ಕಟ್ಟಿನ ಓಣಿ: ಹಳೆಯ ಕೋಡೆಕ್ ಆದರೆ ಸೆಕೆಂಡಿಗೆ ಸದ್ದಿನ 8000 ಸ್ಯಾಂಪಲ್ (ಅಳತೆ), ಅದರ ಅರ್ಧ, ಅಂದರೆ 4000 ಹರ್ಟ್ಸ್ ಮೇಲಿನದ್ದೆಲ್ಲ ಖೋತಾ. ಎರಡೂ ಕಡೆಯ ಸಾಧನ ವೈಡ್‌ಬ್ಯಾಂಡ್ ಒಪ್ಪಿದರೆ 16000 ಸ್ಯಾಂಪಲ್, ಆಗ 8000 ಹರ್ಟ್ಸ್ ತನಕ ಜಾಗ ಸಿಗುತ್ತದೆ. ಫೋನುಗಳಲ್ಲಿ ಹೆಚ್ಚಾಗಿ ಎರಡನೆಯದು ಸಿಗುತ್ತದೆ, ಹಳೆಯ ಲ್ಯಾಪ್‌ಟಾಪುಗಳಲ್ಲಿ ಮೊದಲನೆಯದೇ ಗತಿಯಾಗುವುದುಂಟು. ಮೀಟಿಂಗಿಗೆ ಸೇರಿದ ಕೂಡಲೇ ಸದ್ದು ಒಮ್ಮೆಲೇ ಮಂಕಾಗಿ, ಕಂಬಳಿ ಹೊದೆಸಿದ ಹಾಗೆ ಆಗುವುದು ಈ ಕಾರಣಕ್ಕೆ. ಹೆಡ್‌ಫೋನು ಹಾಳಾದದ್ದಲ್ಲ.

ಇದಕ್ಕೆ ಖರ್ಚಿಲ್ಲದ ಮದ್ದು ಉಂಟು. ಝೂಮ್ ಅಥವಾ ಟೀಮ್ಸ್‌ನ ಆಡಿಯೊ ಸೆಟ್ಟಿಂಗಿಗೆ ಹೋಗಿ ಸ್ಪೀಕರ್ ಎಂಬಲ್ಲಿ ಸಿಎಚ್520 ಇಟ್ಟು, ಮೈಕ್ರೊಫೋನ್ ಎಂಬಲ್ಲಿ ಲ್ಯಾಪ್‌ಟಾಪಿನ ಸ್ವಂತ ಮೈಕ್ ಆರಿಸಿ. ಹೆಡ್‌ಫೋನಿನ ಮೈಕ್ ಯಾರೂ ಕೇಳದ ಕಾರಣ ಅದು ಹಾಡಿನ ಅಗಲ ದಾರಿಯಲ್ಲೇ ಉಳಿಯುತ್ತದೆ. ವಿಂಡೋಸ್ 10ರಲ್ಲಿ ಒಂದೇ ಹೆಡ್‌ಫೋನು ‘ಸ್ಟೀರಿಯೊ’ ಎಂದೂ ‘ಹ್ಯಾಂಡ್ಸ್‌ಫ್ರೀ’ ಎಂದೂ ಎರಡು ಹೆಸರಲ್ಲಿ ಕಾಣುತ್ತದೆ. ಸ್ಟೀರಿಯೊ ಎಂದಿರುವುದನ್ನೇ ಒತ್ತಿ. ಮೈಕ್ ಲ್ಯಾಪ್‌ಟಾಪಿನದ್ದಾದ ಮೇಲೆ ಕೀಬೋರ್ಡ್ ಕುಟ್ಟುವ ಸದ್ದು ಆಚೆಗೆ ಹೋಗುತ್ತದೆ, ಮಾತಾಡುವಾಗ ಟೈಪ್ ಮಾಡಬೇಡಿ.

ಇನ್ನೊಂದು ಕೊರತೆಗೆ ಮದ್ದಿಲ್ಲ. ಬ್ಲೂಟೂತಿನಲ್ಲಿ ಸದ್ದು ತಡವಾಗಿ ಬರುತ್ತದೆ, ಸಾಮಾನ್ಯ ಕೋಡೆಕ್‌ಗಳಲ್ಲಿ ಸುಮಾರು 150ರಿಂದ 250 ಮಿಲಿಸೆಕೆಂಡ್. ಹಾಡು ಕೇಳುವಾಗ ಅದು ಲೆಕ್ಕಕ್ಕಿಲ್ಲ. ವೀಡಿಯೊದಲ್ಲಿ ತುಟಿ ನೋಡಿ ಉಚ್ಚಾರ ಕಲಿಯುವಾಗ, ಸದ್ದನ್ನು ತುಟಿಗೆ ಹೊಂದಿಸಿಕೊಡದ ಆ್ಯಪ್ ಆದರೆ ನಾಲಗೆ ಹಲ್ಲಿಗೆ ತಾಗಿದ್ದು ಒಂದು ಗಳಿಗೆ, ‘ಥ್’ ಕೇಳಿದ್ದು ಇನ್ನೊಂದು ಗಳಿಗೆ ಆಗುತ್ತದೆ. ಮೈಕಿಗೆ ಹೇಳಿದ್ದನ್ನು ಆಗಲೇ ಕಿವಿಯಲ್ಲಿ ಕೇಳುವ ಅಭ್ಯಾಸವಂತೂ ಆಗದ ಮಾತು; ತನ್ನದೇ ಸ್ವರ ಕಾಲು ಸೆಕೆಂಡ್ ತಡವಾಗಿ ಬಂದರೆ ಎಂಥವರ ನಾಲಗೆಯೂ ತೊದಲುತ್ತದೆ.

ಬಸ್ಸು, ಫ್ಯಾನು, ಶೀಟಿನ ಮೇಲಿನ ಮಳೆ

ಎರಡೂ ಹೆಡ್‌ಫೋನು ಕಿವಿಯನ್ನು ಸುತ್ತುವರಿಯುವುದಿಲ್ಲ, ಮೇಲೆ ಕೂರುತ್ತವೆ. ಹೊರಗಿನ ಬೊಬ್ಬೆ ಒಳಗೆ ಬರುತ್ತದೆ, ವಿಶೇಷವಾಗಿ ಇಂಜಿನ್ ಗುಡುಗು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ಗೆ ಹೋಗುವ ಬಸ್ಸಿನಲ್ಲಿ, ಇಲ್ಲವೇ ಉಡುಪಿ ಎಕ್ಸ್‌ಪ್ರೆಸ್ಸಿನಲ್ಲಿ ಹಾರ್ನ್ ಮೀರಿ ಕೇಳಬೇಕೆಂದು ವಾಲ್ಯೂಮ್ ಏರಿಸುತ್ತಾ ಹೋದರೆ ಪಾಠ ಕಿವಿಗೆ ಹೋಗುವುದಿಲ್ಲ, ಕಿವಿಯೇ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ದೊಡ್ಡವರಿಗೆ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಮತ್ತು ಮೊದಲು ಸವೆಯುವುದು ಮೇಲಿನ ಸದ್ದು ಕೇಳುವ ಶಕ್ತಿಯೇ, ಅಂದರೆ ಅದೇ ‘ಸ್’, ಅದೇ ‘ಫ್’. ಬಸ್ಸಿನಲ್ಲೇ ಕಲಿಯುವ ಹಟ ಇದ್ದವರು ಇವೆರಡನ್ನೂ ಬಿಟ್ಟು ಕಿವಿಯೊಳಗೆ ಸರಿಯಾಗಿ ಕೂರುವ ರಬ್ಬರ್ ತುದಿಯ ವಯರಿನ ಇಯರ್‌ಫೋನ್ ತೆಗೆದುಕೊಳ್ಳುವುದು ವಾಸಿ. ನಡೆಯುವಾಗ, ರಸ್ತೆ ದಾಟುವಾಗ ಅದನ್ನು ತೆಗೆದಿಡಿ. ನಂತೂರಿನಂಥ ಜಂಕ್ಷನ್‌ಗಳಲ್ಲಿ ಕಿವಿ ತೆರೆದಿರಬೇಕು.

ಮನೆಯಲ್ಲಿ ಮುಖ್ಯ ವೈರಿ ಸೀಲಿಂಗ್ ಫ್ಯಾನು. ಏಪ್ರಿಲ್, ಮೇ ಸೆಕೆಯಲ್ಲಿ ಅದನ್ನು ನಿಲ್ಲಿಸಿ ಕೂರಲು ಆಗುವುದಿಲ್ಲ, ನಿಜ. ಆದರೆ ಫ್ಯಾನಿನ ಗಾಳಿ ನೇರ ಮೈಕಿಗೆ ಬಡಿಯದಂತೆ ಕುರ್ಚಿ ಎಳೆದುಕೊಳ್ಳಬಹುದು. ಸದ್ದಿಗಿಂತ ಗಾಳಿಯೇ ಹೆಚ್ಚು ಹಾಳು ಮಾಡುತ್ತದೆ. ಜೂನ್ ನಂತರ ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಇನ್ನೊಂದು ಸಮಸ್ಯೆ. ಮಳೆಯ ಸದ್ದು ‘ಶ್’ ‘ಸ್’ ಹಾಗೆಯೇ ಎಲ್ಲ ಎತ್ತರಗಳಲ್ಲೂ ಹರಡಿರುತ್ತದೆ. ಝೂಮ್ ಅದನ್ನು ಅಳಿಸಲು ಹೋಗಿ ನಿಮ್ಮ ‘ಸ್’ಗಳನ್ನೂ ಒರೆಸಿ ಹಾಕುತ್ತದೆ, ‘ಶಿ ಆಸ್ಕ್ಸ್’ ಎಂದದ್ದು ಆಚೆಗೆ ‘ಶಿ ಆ’ ಎಂದು ತಲುಪುತ್ತದೆ. ಆಗ ನಾಯ್ಸ್ ಸಪ್ರೆಷನ್ ‘ಲೋ’ಗೆ ಇಳಿಸಿ, ವಯರಿನ ಮೈಕನ್ನು ಗೇಣಿನಿಂದ ನಾಲ್ಕು ಬೆರಳಿಗೆ ಹತ್ತಿರ ತನ್ನಿ, ಶೀಟು ಇಲ್ಲದ ಒಳಕೋಣೆಗೆ ಹೋಗಿ. ಬಟ್ಟೆ ತುಂಬಿದ ಕಪಾಟಿನ ಮುಂದೆ ಕೂತರೆ ಗೋಡೆಯ ಪ್ರತಿಧ್ವನಿಯೂ ತಗ್ಗುತ್ತದೆ.

ಅಭ್ಯಾಸಕ್ಕೆ ಹೀಗೆ ಬಳಸಿ. ಎರಡು-ಮೂರು ನಿಮಿಷದ ಒಂದು ಮಾತಿನ ಕ್ಲಿಪ್ ಸಾಕು, ಹಿನ್ನೆಲೆ ಸಂಗೀತ ಇರಬಾರದು. ಮೊದಲ ಸಲ ಪೂರ್ತಿ ಕೇಳಿ. ಎರಡನೆಯ ಸಲ ವಾಕ್ಯ ವಾಕ್ಯಕ್ಕೆ ನಿಲ್ಲಿಸಿ ಹೇಳಿ. ಮೂರನೆಯ ಸಲ ನಿಲ್ಲಿಸದೆ, ಅವರ ಬೆನ್ನಿಗೇ ಅರ್ಧ ಸೆಕೆಂಡ್ ಹಿಂದೆ ನೀವೂ ಹೇಳುತ್ತಾ ಹೋಗಿ. ಈ ಮೂರನೆಯದರಲ್ಲಿ ಝಡ್‌ಎಕ್ಸ್110ಎಪಿಯ ಒಂದು ಬಟ್ಟಲನ್ನು ಕಿವಿಯಿಂದ ಹಿಂದಕ್ಕೆ ಸರಿಸಿಡಬೇಕು. ಎರಡೂ ಕಿವಿ ಮುಚ್ಚಿದರೆ ತನ್ನ ಸ್ವರ ತಲೆಬುರುಡೆಯೊಳಗೇ ಗುಂಯ್ ಎನ್ನುತ್ತದೆ, ಮೇಲಿನ ಸದ್ದು ಕೇಳುವುದೇ ಇಲ್ಲ, ಮಾತು ಜೋರಾಗಿ ಹೋಗುತ್ತದೆ. ಕೊನೆಗೆ ಒಂದು ನಿಮಿಷ ರೆಕಾರ್ಡ್ ಮಾಡಿ ಪದಗಳ ತುದಿಗಳನ್ನು ಮಾತ್ರ ಹಿಡಿದು ಕೇಳಿ: ‘ಟ್’ ಬಿಟ್ಟುಹೋಯಿತೋ, ‘ಉ’ ಅಂಟಿಕೊಂಡಿತೋ. ಉಳಿದ ತಪ್ಪುಗಳನ್ನು ಆ ದಿನ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಹೆಡ್‌ಫೋನಿನ ಬಗ್ಗೆ ಇಂಗ್ಲಿಷಿನಲ್ಲಿ ಹೇಳುವುದು

ಕೊನೆಯ ಅಕ್ಷರದ ಪಾಠ ಈ ಸಾಮಾನಿನ ಹೆಸರಿನಲ್ಲೇ ಉಂಟು. ಇಂಗ್ಲಿಷಿನಲ್ಲಿ ಅದು ‘ಹೆಡ್‌ಫೋನ್ಸ್’, ಯಾವಾಗಲೂ ಬಹುವಚನ, ತುದಿಯಲ್ಲಿ ‘ಝ್’ ಸದ್ದು. “ಮೈ ಹೆಡ್‌ಫೋನ್ ಈಸ್ ನಾಟ್ ವರ್ಕಿಂಗ್” ಅಲ್ಲ, “ಮೈ ಹೆಡ್‌ಫೋನ್ಸ್ ಆರ್ ನಾಟ್ ವರ್ಕಿಂಗ್”. ಒಂದನ್ನು ಎಣಿಸಿ ಹೇಳಬೇಕಾದರೆ “ಎ ಪೇರ್ ಆಫ್ ಹೆಡ್‌ಫೋನ್ಸ್”, ಪ್ಯಾಂಟಿಗೂ ಕತ್ತರಿಗೂ ಹೇಳುವ ಹಾಗೆಯೇ. ‘ಹೆಡ್‌ಸೆಟ್’ ಮಾತ್ರ ಏಕವಚನ, ಮೈಕ್ ಇರುವುದಕ್ಕೆ ಆ ಹೆಸರು. ತಲೆಗೆ ಹಾಕಿಕೊಳ್ಳುವುದು ‘ಪುಟ್ ಆನ್’, ತೆಗೆಯುವುದು ‘ಟೇಕ್ ಆಫ್’, ಚುಚ್ಚುವುದು ‘ಪ್ಲಗ್ ಇನ್’, ಸದ್ದು ಏರಿಸುವುದು ‘ಟರ್ನ್ ಅಪ್’. ನಾವು ಅಂಗಡಿಯಲ್ಲಿ ಪಿನ್ನನ್ನೇ ಜಾಕ್ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಒಳಗೆ ಹೋಗುವುದು ‘ಪ್ಲಗ್’, ‘ಜ್ಯಾಕ್’ ಎಂದರೆ ತೂತು. ಕಸ್ಟಮರ್ ಕೇರಿಗೆ “ದ ಜ್ಯಾಕ್ ಈಸ್ ಬ್ರೋಕನ್” ಎಂದರೆ ಅವರು ಫೋನು ಹಾಳಾಗಿದೆ ಎಂದುಕೊಂಡಾರು.

ಕಾಲ್‌ನಲ್ಲಿ ಕೇಳಿಬರುವ ಮಾತುಗಳನ್ನು ಬಾಯಿಪಾಠ ಮಾಡಿದರೆ ಸಾಲದು, ಅವುಗಳ ಹಿಂದಿನ ದೋಷ ಯಾವುದೆಂದು ತಿಳಿದಿರಬೇಕು. “ಯು ಆರ್ ಬ್ರೇಕಿಂಗ್ ಅಪ್” ಎಂದರೆ ನಿಮ್ಮ ಮಾತು ತುಂಡು ತುಂಡಾಗುತ್ತಿದೆ, ನೆಟ್‌ವರ್ಕ್ ದೋಷ. ವೀಡಿಯೊ ಆಫ್ ಮಾಡಿ, ಅಥವಾ ರೂಟರ್ ಹತ್ತಿರ ಹೋಗಿ. ಹೆಡ್‌ಫೋನ್ ಬದಲಿಸಿ ಪ್ರಯೋಜನ ಇಲ್ಲ. “ಯು ಸೌಂಡ್ ಮಫಲ್ಡ್” ಎಂದರೆ ಮಂಕು, ಅದು ಬ್ಲೂಟೂತಿನ ಇಕ್ಕಟ್ಟು ಓಣಿ ಅಥವಾ ಮೈಕು ಬಟ್ಟೆಯಡಿ ಸಿಕ್ಕಿಕೊಂಡದ್ದು. “ದೇರ್ಸ್ ಸಮ್ ಬ್ಯಾಕ್‌ಗ್ರೌಂಡ್ ನಾಯ್ಸ್” ಎಂದರೆ ಫ್ಯಾನು, ಮಳೆ. ಎಕೋ ವಿಷಯದಲ್ಲಿ ತುಂಬ ಜನ ತಪ್ಪು ಮಾಡುತ್ತಾರೆ: ನಿಮ್ಮ ಸ್ವರ ನಿಮಗೇ ಮರಳಿ ಕೇಳಿದರೆ ದೋಷ ನಿಮ್ಮದಲ್ಲ, ಆಚೆಯವರ ಸ್ಪೀಕರಿನ ಸದ್ದು ಅವರ ಮೈಕಿಗೆ ಹೋಗುತ್ತಿದೆ. “ಐ ಕ್ಯಾನ್ ಹಿಯರ್ ಮೈಸೆಲ್ಫ್. ಕುಡ್ ಯು ಪುಟ್ ಆನ್ ಯುವರ್ ಹೆಡ್‌ಫೋನ್ಸ್?” ಎಂದು ಸಂಕೋಚವಿಲ್ಲದೆ ಕೇಳಬಹುದು, ಅದು ಮರ್ಯಾದೆಯ ಮಾತೇ. “ಪ್ಲೀಸ್ ಆನ್ ಯುವರ್ ಮೈಕ್” ಎಂಬುದು ನಮ್ಮ ‘ಆನ್ ಮಾಡಿ’ಯ ಅನುವಾದ, “ಕುಡ್ ಯು ಅನ್‌ಮ್ಯೂಟ್ ಯುವರ್‌ಸೆಲ್ಫ್?” ಎಂದರೆ ಸರಿ. “ಸೌಂಡ್ ಈಸ್ ನಾಟ್ ಕಮಿಂಗ್” ಎಂದರೂ ಭಾರತದಲ್ಲಿ ಅರ್ಥವಾಗುತ್ತದೆ, ಹೊರಗಿನವರಿಗೆ “ಐ ಕಾಂಟ್ ಹಿಯರ್ ಎನಿಥಿಂಗ್” ಎನ್ನಿ.

ಹೆಸರು ಬಿಡಿಸಿ ಹೇಳುವಾಗ ‘ಎಸ್ ಫಾರ್ ಶುಗರ್’ ಬೇಡ, ಶುಗರ್‌ನಲ್ಲಿ ಕೇಳುವುದು ‘ಶ್’. ವಿಮಾನದವರು ಬಳಸುವ ಪದಗಳು ಇದಕ್ಕೆಂದೇ ಆರಿಸಿದವು: ‘ಎಸ್’ಗೆ ಸಿಯೆರ್ರಾ, ‘ಎಫ್’ಗೆ ಫಾಕ್ಸ್‌ಟ್ರಾಟ್, ‘ಬಿ’ಗೆ ಬ್ರಾವೊ, ‘ಡಿ’ಗೆ ಡೆಲ್ಟಾ, ‘ಪಿ’ಗೆ ಪಾಪಾ. ‘ಶೆಟ್ಟಿ’, ‘ಡಿಸೋಜ’, ‘ಬಂಗೇರ’ ಎಂಬ ನಮ್ಮೂರ ಹೆಸರುಗಳು ಹೊರದೇಶದ ಕಿವಿಗೆ ಹೊಸತು, ಈ ಐದಾರು ಪದ ಗೊತ್ತಿದ್ದರೆ ಸಾಕಷ್ಟು ಕೆಲಸ ಸುಲಭವಾಗುತ್ತದೆ. ಸಂಖ್ಯೆಗೂ ಹಾಗೆಯೇ: ‘ಫಿಫ್ಟೀನ್’ ಎಂದ ಮೇಲೆ ‘ಒನ್ ಫೈವ್’ ಎಂದು ಸೇರಿಸಿ, ‘ಫಿಫ್ಟಿ’ಗೆ ‘ಫೈವ್ ಝೀರೊ’.

ಮಳೆಗಾಲ, ರಿಪೇರಿ, ಬಿಲ್ಲು

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ, ಉಪ್ಪುಗಾಳಿ ಬೀಸುವ ಊರಿನಲ್ಲಿ ಹೆಡ್‌ಫೋನಿನ ಆಯುಷ್ಯ ಡಬ್ಬದ ಮೇಲೆ ಬರೆದದ್ದಲ್ಲ. ಮೊದಲು ಹೋಗುವುದು ಕಿವಿಯ ಮೆತ್ತೆ. ಅದು ಚರ್ಮದ ಹಾಗೆ ಕಾಣುವ ಪಾಲಿಯುರಿಥೇನ್, ತೇವ ಮತ್ತು ಬೆವರಿನಿಂದ ಪದರ ಸಡಿಲವಾಗಿ ಕಪ್ಪು ಹೊಟ್ಟಿನಂತೆ ಉದುರುತ್ತದೆ, ಅಂಚಿನಲ್ಲಿ ಬೂಸ್ಟು ಹಿಡಿಯುತ್ತದೆ. ಬಳಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಗಾಳಿಗೆ ಬಿಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿ ಹೋಗದ ಡಬ್ಬದಲ್ಲಿಡಿ. ಒದ್ದೆ ಕೊಡೆಯಿರುವ ಬ್ಯಾಗಿಗೆ ತುರುಕಬೇಡಿ. ಝಡ್‌ಎಕ್ಸ್110ಎಪಿಗೆ ಸುಮಾರು 70 ಮಿಲಿಮೀಟರ್ ವ್ಯಾಸದ ಬದಲಿ ಮೆತ್ತೆ ಕಡಿಮೆ ಬೆಲೆಗೆ ಸಿಗುತ್ತದೆ. ಹಳೆಯದನ್ನು ಅಳೆದು ಕೊಂಡುಹೋಗಿ.

ಪ್ಲಗ್ ಮಂಕಾಗಿ, ತಿರುಗಿಸಿದಾಗ ಕರಕರ ಎಂದರೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿ ಕಡ್ಡಿಗೆ ತಾಗಿಸಿ ಉಜ್ಜಿ. ತೆಂಗಿನೆಣ್ಣೆ, ಸೆಂಟು ಯಾವುದೂ ಬೇಡ, ಎಣ್ಣೆ ಧೂಳು ಹಿಡಿಯುತ್ತದೆ. ಸಿಎಚ್520ಕ್ಕೆ ನೀರು ತಡೆಯುವ ಶಕ್ತಿ ಇಲ್ಲ. ಮಳೆಗೆ ಸಿಕ್ಕಿದರೆ ಚಾರ್ಜಿಗೆ ಹಾಕಲೇಬೇಡಿ. ತೇವ ಇರುವ ಯುಎಸ್‌ಬಿ ತೂತಿಗೆ ಕರೆಂಟು ಹೋದರೆ ಒಳಗಿನ ಹಲ್ಲುಗಳು ಕಿಲುಬು ಹಿಡಿಯುತ್ತವೆ. ಒಂದು ದಿನ ಪೂರ್ತಿ ಒಣಗಲು ಬಿಡಿ, ಬಿಸಿಲಿಗೂ ಹೇರ್ ಡ್ರೈಯರಿಗೂ ಒಡ್ಡಬೇಡಿ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಬ್ಯಾಟರಿ ಅರ್ಧ ತುಂಬಿರಲಿ.

ವಯರಿನದ್ದರಲ್ಲಿ ಒಂದು ಕಿವಿ ಸತ್ತರೆ ಹೆಚ್ಚಾಗಿ ತುಂಡಾಗಿರುವುದು ಪ್ಲಗ್ ಬುಡದಲ್ಲಿ. ವಯರನ್ನು ಅಲ್ಲಿ ಬಗ್ಗಿಸಿದಾಗ ಸದ್ದು ಬಂದು ಹೋದರೆ ಖಾತ್ರಿ. ಒಂದಿಂಚು ಕತ್ತರಿಸಿ ಹೊಸ ನಾಲ್ಕು ಭಾಗದ ಪ್ಲಗ್ ಬೆಸುಗೆ ಹಾಕಿಸಬಹುದು. ಒಳಗಿನ ತಂತಿಗೆ ಬಣ್ಣದ ಲೇಪ ಇರುತ್ತದೆ, ಅದನ್ನು ಸುಟ್ಟು ತೆಗೆಯದೆ ಬೆಸೆದರೆ ಹಿಡಿಯುವುದಿಲ್ಲ. ರಿಪೇರಿಯಾದದ್ದು ವಾರದಲ್ಲಿ ಮತ್ತೆ ಹೋಗಲು ಇದೂ ಒಂದು ಕಾರಣ. ಮೂರು ಭಾಗದ ಪ್ಲಗ್ ಹಾಕಿಕೊಟ್ಟರೆ ಹಾಡು ಬರುತ್ತದೆ, ಮೈಕ್ ಹೋಯಿತು, ಮೊದಲೇ ಹೇಳಿ. ಬ್ಲೂಟೂತಿನದ್ದರಲ್ಲಿ ಈ ಭಾಗ್ಯ ಇಲ್ಲ, ಬ್ಯಾಟರಿ ಸೋತರೆ ಬಿಚ್ಚಿ ಬದಲಿಸುವವರು ಸಿಗುವುದು ಕಷ್ಟ.

ಕೊಳ್ಳುವಾಗ ಅಂಗಡಿಯವರ ಹಾಡಿನ ಮೇಲೆ ನಂಬಿಕೆ ಇಡಬೇಡಿ, ನಿಮ್ಮ ಫೋನಿನಲ್ಲೇ ಒಂದು ಇಂಗ್ಲಿಷ್ ಭಾಷಣ ಡೌನ್‌ಲೋಡ್ ಮಾಡಿ ಹೋಗಿ. ಅಂಗಡಿಯ ಫ್ಯಾನು ಓಡುತ್ತಿರುವಾಗಲೇ 20 ಸೆಕೆಂಡ್ ರೆಕಾರ್ಡ್ ಮಾಡಿ, “ಸಿಕ್ಸ್, ಫಿಕ್ಸ್ಡ್, ಆಸ್ಕ್ಟ್, ಪ್ರೈಸ್, ಪ್ರೈಝ್” ಎಂದು ಹೇಳಿ, ಕೇಳಿ. ಡಬ್ಬದ ಮೇಲಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ವಾರಂಟಿ ಒಂದು ವರ್ಷ, ಫೋನ್ ಮಾಡಿ ಹೇಳಬೇಕಾದ ಮಾತು ಇಷ್ಟು: “ದ ಲೆಫ್ಟ್ ಸೈಡ್ ಹ್ಯಾಸ್ ಗಾನ್ ಡೆಡ್. ಐ ಬಾಟ್ ದೆಮ್ ಇನ್ ಜೂನ್, ಸೋ ದೇ ಆರ್ ಸ್ಟಿಲ್ ಅಂಡರ್ ವಾರಂಟಿ.” ‘ಲೆಫ್ಟ್’ನ ‘ಫ್ಟ್’ ಎರಡೂ ಬರಲಿ, ‘ದೆಮ್’ ಎಂದೇ ಹೇಳಿ, ‘ಇಟ್’ ಅಲ್ಲ. ಬಿಲ್ಲು ಥರ್ಮಲ್ ಕಾಗದದ್ದಾದರೆ ಇಲ್ಲಿನ ಸೆಕೆಗೆ ಅಕ್ಷರ ಬೇಗ ಮಾಸುತ್ತದೆ, ತಂದ ದಿನವೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.